ಸಾಮಿ ಜನರನ್ನು ನೋಡಬೇಕಾ? ರೊವಾನಿಯೆಮಿ ದಾಟಿ ಇನಾರಿಗೆ ಹೋಗಿ

ಸಾಮಿಗಳು ಅಂದರೆ ಯುರೋಪಿನ ಉತ್ತರದ ತುದಿಯ ಮೂಲನಿವಾಸಿಗಳು. ಲ್ಯಾಪ್‌ಲ್ಯಾಂಡ್‌ಗೆ ಹೊರಟಿರುವವರು ಫಿನ್‌ಲ್ಯಾಂಡ್‌ನ ರೊವಾನಿಯೆಮಿಯಲ್ಲಿ 'ಸಾಮಿ ಅನುಭವ' ಅಂತ ಮಾರುವ ಪ್ಯಾಕೇಜ್ ತೆಗೆದುಕೊಳ್ಳುವ ಮೊದಲು ಸ್ವಲ್ಪ ವಿಚಾರಿಸಿ. ನಮ್ಮ ಹಿಮಸಾರಂಗದ ಗಾಡಿ ಬೇಲಿಯೊಳಗೆ ಒಂದು ಸುತ್ತು ಹಾಕಿ ನಿಂತಿತು. ಅಷ್ಟೇ. ಆಮೇಲೆ ಕೆಂಪು ಪಟ್ಟಿಯ ನೀಲಿ ಅಂಗಿ ತೊಟ್ಟ ಹುಡುಗ ಬೆಂಕಿ ಪಕ್ಕ ಕೂರಿಸಿ ಬಿಸಿ ಜ್ಯೂಸ್ ಕೊಟ್ಟ. ನೀನು ಸಾಮಿನಾ ಅಂತ ಕೇಳಿದರೆ, ಇಲ್ಲ, ಸೀಸನ್ ಕೆಲಸಕ್ಕೆ ಬಂದಿದ್ದೇನೆ ಅಂದ! ಪಾಪ, ಅವನನ್ನು ಬೈದು ಏನು ಪ್ರಯೋಜನ. ಹೀಗೆ ಬೇರೆಯವರಿಗೆ ತಮ್ಮ ಉಡುಪು ತೊಡಿಸಿ ದುಡ್ಡು ಮಾಡುವುದು ಸಾಮಿಗಳಿಗೂ ಇಷ್ಟವಿಲ್ಲ, ಅವರೇ ಆರಿಸಿದ ಅಲ್ಲಿನ ಸಾಮಿ ಸಂಸತ್ತು 2018ರಲ್ಲೇ ಪ್ರವಾಸೋದ್ಯಮಕ್ಕೆ ನೀತಿಸೂತ್ರ ಕೊಟ್ಟಿದೆ. ಅಸಲಿಗೆ ರೊವಾನಿಯೆಮಿ ಅವರ ಅಧಿಕೃತ ತಾಯ್ನೆಲದೊಳಗೇ ಬರುವುದಿಲ್ಲ.

ಆ ತಾಯ್ನೆಲದೊಳಗಿರುವ ಇನಾರಿ ರೊವಾನಿಯೆಮಿಯಿಂದ ಉತ್ತರಕ್ಕೆ 300 ಕಿ.ಮೀ.ಗೂ ಜಾಸ್ತಿ. ಬಸ್ಸಿನಲ್ಲಿ ಅರ್ಧ ದಿನ ಹೋಯಿತು ಅಂದುಕೊಳ್ಳಿ. ಹೊರಗೆ ಮೈನಸ್ಸು, ಒಳಗೆ ಹೀಟರ್‌ನ ಸೆಕೆ, ಮೇಲೆ ಹಾಕಿಕೊಂಡಿದ್ದನ್ನೆಲ್ಲ ಒಂದೊಂದಾಗಿ ಬಿಚ್ಚಿ ಮಡಿಲಲ್ಲಿ ಗುಡ್ಡೆ ಹಾಕಿಕೊಂಡು ಕೂತಿದ್ದೆ. ಸುಲಭಕ್ಕೆ ಬಿಚ್ಚುವಂಥ ಬಟ್ಟೆ ಹಾಕಿಕೊಳ್ಳಿ.

ಊರು ಚಿಕ್ಕದು. ಆದರೆ ಅಲ್ಲಿನ ಸಾಮಿ ಮ್ಯೂಸಿಯಂ ಸೀಡಾಗೆ ಪೂರ್ತಿ ಒಂದು ದಿನ ಇಡಿ. ಹೆಲ್ಸಿಂಕಿಯ ರಾಷ್ಟ್ರೀಯ ಮ್ಯೂಸಿಯಂ 2021ರಲ್ಲಿ ಹಿಂದಿರುಗಿಸಿದ 2,000ಕ್ಕೂ ಹೆಚ್ಚು ಸಾಮಿ ವಸ್ತುಗಳು ಈಗ ಇವರ ಕೈಯಲ್ಲಿವೆ. ಇನಾರಿಯಲ್ಲಿ ಅಧಿಕೃತ ಭಾಷೆಗಳು ನಾಲ್ಕು: ಫಿನ್ನಿಶ್ ಒಂದು, ಸಾಮಿ ಮೂರು. ಆ ಮೂರರಲ್ಲಿ ಒಂದನ್ನು ಆಡುವ ಸ್ಕೋಲ್ಟ್ ಸಾಮಿಗಳ ಕಥೆ ಓದಿ ಸುಮ್ಮನೆ ನಿಂತುಬಿಟ್ಟೆ. ಎರಡನೇ ಮಹಾಯುದ್ಧದಲ್ಲಿ ಫಿನ್‌ಲ್ಯಾಂಡಿನ ಪೆಟ್ಸಾಮೊ ಪ್ರದೇಶ ಸೋವಿಯತ್ ಪಾಲಾದಾಗ ಊರು ಬಿಟ್ಟು ಬಂದವರು ಅವರು. ಇನಾರಿ ಸಾಮಿ ಮಾತಾಡುವವರಂತೂ ಕೆಲವೇ ನೂರು ಜನ. ಪುಟ್ಟ ಮಕ್ಕಳನ್ನು ಇಡೀ ದಿನ ಆ ಭಾಷೆಯಲ್ಲೇ ಆಡಿಸುವ ಶಿಶುವಿಹಾರ 1997ರಲ್ಲಿ ಶುರುವಾಗಿ ಅದನ್ನು ಉಳಿಸಿತು. ಮ್ಯೂಸಿಯಂ ಹೊರಗಿನ ಹಳೇ ಮರದ ಮನೆಗಳನ್ನೂ ನೋಡಬೇಕಂದ್ರೆ ಬೇಸಿಗೆಯಲ್ಲಿ ಹೋಗಿ.

ಸಾಮಿಗಳ ಹತ್ತಿರ ಎಷ್ಟು ಹಿಮಸಾರಂಗ ಇವೆ ಅಂತ ಮಾತ್ರ ಕೇಳಬೇಡಿ. ಬ್ಯಾಂಕಲ್ಲಿ ಎಷ್ಟಿದೆ ಅಂತ ಕೇಳಿದ ಹಾಗೆ ಅದು.

ಇನ್ನು ಊಟ. ಹೋಟೆಲಿನ ರಾತ್ರಿ ಊಟಕ್ಕೆ ಬಿಲ್ ನೋಡಿ ಎದೆ ಒಡೆಯುತ್ತದೆ, ಅದನ್ನು ಬಿಡಿ. ಮಧ್ಯಾಹ್ನ 'ಲೌನಸ್' (ಮಧ್ಯಾಹ್ನದ ಊಟ) ಅಂತ ಬೋರ್ಡ್ ಇರುವ ಕಡೆ ನುಗ್ಗಿ, ಪೆಟ್ರೋಲ್ ಬಂಕ್ ಆದರೂ ಸರಿ. ಹನ್ನೆರಡು-ಹದಿಮೂರು ಯೂರೋಗೆ ಸೂಪು, ಸಲಾಡು, ಬೆಣ್ಣೆ ಹಚ್ಚಿದ ರೈ ಬ್ರೆಡ್ಡು, ಕೊನೆಗೆ ಕಾಫಿ. ನಾನು ತಿಂದ ಸಾಲ್ಮನ್ ಸೂಪಿನಲ್ಲಿ ಆಲೂಗಡ್ಡೆ ದಪ್ಪ ದಪ್ಪ, ಮೇಲೆ ಹಸಿರು ಸಬ್ಬಸಿಗೆ, ಎರಡನೇ ಸಲ ಬಡಿಸಿಕೊಂಡರೂ ಯಾರೂ ಏನೂ ಅನ್ನಲಿಲ್ಲ. ಸಸ್ಯಾಹಾರಿಗಳಿಗೆ ಸಲಾಡು-ಬ್ರೆಡ್ಡೇ ಗತಿ, ಪುಳಿಯೋಗರೆ ಗೊಜ್ಜು ಒಯ್ಯಿರಿ. ಬಹಳ ಕಡೆ ಲೌನಸ್ ವಾರದ ದಿನಗಳಲ್ಲಿ ಮಾತ್ರ, ಎರಡು ಗಂಟೆ ಸುಮಾರಿಗೆ ಎತ್ತಿಬಿಡುತ್ತಾರೆ.