ಅತ್ತೆಯ ಅಂಗಳದಲ್ಲಿ ಸ್ಯಾಂಟ್ನರ್

ಅತ್ತೆ ಅಂಗಳ ಸಾರಿಸಿ ಮೂರೇ ದಿನವಾಗಿತ್ತು. ಮಳೆಗಾಲದ ಪಾಚಿ ಕೆತ್ತಿ, ಮಣ್ಣು ಹಾಕಿ, ಹಲಗೆಯಿಂದ ತಟ್ಟಿ ನಯ ಮಾಡಿ, ಮೇಲೆ ಸೆಗಣಿ. ಇನ್ನೇನು ಗದ್ದೆಯಿಂದ ಭತ್ತ ಬರುವುದಿತ್ತು. 2024ರ ಅಕ್ಟೋಬರ್ 26, ಶನಿವಾರ. ಬ್ರಹ್ಮಾವರದ ಮಾವನ ಮನೆಗೆ ನಾನು ಹೋದದ್ದು ತೆಂಗಿನಕಾಯಿ ತರಲು, ಕೂತದ್ದು ನ್ಯೂಜಿಲೆಂಡ್ ಎದುರಿನ ಪುಣೆ ಟೆಸ್ಟ್ ನೋಡಲು.

ಮಾವ ಪ್ರಾಯದಲ್ಲಿ ಉಡುಪಿಯ ಅಜ್ಜರಕಾಡಿನಲ್ಲಿ ಎಡಗೈ ಸ್ಪಿನ್ ಹಾಕುತ್ತಿದ್ದವರು. ತೋರುಬೆರಳಿನ ಬದಿಗೆ ಈಗಲೂ ಚರ್ಮ ಗಟ್ಟಿಕಟ್ಟಿದೆ. ಚೆಂಡಿನ ಹೊಲಿಗೆಯದ್ದು ಎನ್ನುತ್ತಾರೆ ಮಾವ. ಕತ್ತಿಯದ್ದು ಎನ್ನುತ್ತಾರೆ ಅತ್ತೆ.

ಹಿಂದಿನ ದಿನ ನ್ಯೂಜಿಲೆಂಡಿನ ಎಡಗೈ ಸ್ಪಿನ್ನರ್ ಸ್ಯಾಂಟ್ನರ್ 53 ರನ್ನಿಗೆ 7 ವಿಕೆಟ್ ಕಿತ್ತಿದ್ದ. ಅದುವರೆಗೆ ಟೆಸ್ಟಿನಲ್ಲಿ ಒಂದು ಇನ್ನಿಂಗ್ಸಿಗೆ ಐದು ವಿಕೆಟ್ ಕಂಡವನೇ ಅಲ್ಲ. ಬೆಂಗಳೂರು ಟೆಸ್ಟಿನಲ್ಲಿ ಅವನನ್ನು ಆಡಿಸಿಯೂ ಇರಲಿಲ್ಲ. ಕೊಹ್ಲಿ ಅವನ ಫುಲ್‌ಟಾಸ್‌ಗೆ ಬೌಲ್ಡ್. ಶನಿವಾರ ನಮ್ಮವರು 359 ಬೆನ್ನಟ್ಟಿ, ಜೈಸ್ವಾಲ್ 77 ಹೊಡೆದರೂ, 245ಕ್ಕೆ ಎಲ್ಲ ಮುಗಿಯಿತು. ಸ್ಯಾಂಟ್ನರ್‌ಗೆ ಮತ್ತೆ ಆರು. ತವರಿನಲ್ಲಿ ಸತತ 18 ಸರಣಿ ಗೆದ್ದವರು ಸೋತರು.

"ನಮ್ಮ ಪಿಚ್ಚಿನಲ್ಲಿ ನಮಗೇ ಸ್ಪಿನ್ನಾ?" ಎಂದು ನಾನು ಗೊಣಗಿದೆ.

"ಅವನು ಎಂತ ಹೊಸತು ಮಾಡ್ಲಿಲ್ಲ ಮಾರಾಯ. ನಿಧಾನ ಮಾಡಿದ, ಅಷ್ಟೆ," ಎಂದರು ಮಾವ. ನಾನು ನಂಬಲಿಲ್ಲ. ಅದೇ ತಪ್ಪಾಯಿತು. ಮಕ್ಕಳ ಟೆನಿಸ್ ಬಾಲ್ ಹುಡುಕಿ ತಂದು ಅಂಗಳಕ್ಕೆ ಇಳಿದೇಬಿಟ್ಟರು. ತೆಂಗಿನ ಮರವೇ ಸ್ಟಂಪು, ಬ್ಯಾಟಿಗೆ ತೆಂಗಿನ ಗರಿಯ ಕೊತ್ತಳಿಗೆ.

ಮೊದಲ ನಾಲ್ಕು ಚೆಂಡು ಜೋರಾಗಿ ಬಂದವು, ಬಾರಿಸಿದೆ. ಐದನೆಯದಕ್ಕೂ ಕೈ ಅದೇ ರಭಸದಲ್ಲಿ ತಿರುಗಿತು, ಚೆಂಡು ಮಾತ್ರ ಗಾಳಿಯಲ್ಲೇ ತಡೆದು ನಿಂತಂತಾಯಿತು. ನನ್ನ ಹೊಡೆತ ಮುಗಿದ ಮೇಲೆ ಅದು ಬಂದು ಮೊಣಕಾಲಿಗೆ ತಾಗಿತು. ಸಾಲದೆಂದು ಮಂಡಿಯೂರಿ ಅಡ್ಡಕ್ಕೆ ಬೀಸುವ ಸ್ವೀಪ್ ಮಾಡಲು ಹೋದೆ. 2001ರಲ್ಲಿ ಆಸ್ಟ್ರೇಲಿಯಾದ ಹೇಡನ್ ಇಲ್ಲಿಗೆ ಬಂದು ಸ್ವೀಪ್ ಮಾಡಿ ಮಾಡಿಯೇ ಮೂರು ಟೆಸ್ಟಿನಲ್ಲಿ 549 ರನ್ ಹೊಡೆದದ್ದು ನೆನಪಿತ್ತು. ನನ್ನದು ಸೀದಾ ತೆಂಗಿನ ಬುಡಕ್ಕೆ.

"ನಿಂದು ಹೇಡನ್ ಅಲ್ಲ, ದಿಲ್ಲಿಯದ್ದು," ಎಂದು ಮಾವ ನಕ್ಕರು. 2023ರಲ್ಲಿ ಆಸ್ಟ್ರೇಲಿಯಾದವರು ಬೆಂಗಳೂರಿನ ಹತ್ತಿರದ ಆಲೂರಿನಲ್ಲಿ ಕ್ಯಾಂಪ್ ಹಾಕಿ, ನಮ್ಮ ಸ್ಪಿನ್ನರ್ ಅಶ್ವಿನ್‌ನಂತೆಯೇ ಹಾಕುವ ಹುಡುಗನನ್ನು ಕರೆಸಿ ಅಭ್ಯಾಸ ಮಾಡಿದ್ದರು. ಆದರೂ ನಾಗಪುರದಲ್ಲಿ 91ಕ್ಕೆ ಔಟ್, ದಿಲ್ಲಿಯಲ್ಲಿ ಸ್ವೀಪ್ ಹೊಡೆಯಲು ಹೋಗಿ ಒಬ್ಬರ ಹಿಂದೊಬ್ಬರು ಔಟಾಗಿ 113. "ಅವರು ಅಶ್ವಿನ್ನನ್ನು ಓದಿಕೊಂಡು ಬಂದ್ರು. ಈ ಸ್ಯಾಂಟ್ನರ್ ಮಣ್ಣು ನೋಡಿದ."

ಮಣ್ಣು ನೋಡುವಷ್ಟರಲ್ಲಿ ನಮ್ಮದೂ ಕೆಟ್ಟಿತ್ತು. ಚೆಂಡು ಬಿದ್ದಲ್ಲೆಲ್ಲ ಸೆಗಣಿಯ ಸಿಪ್ಪೆ ಎದ್ದು, ಅಂಗೈಯಗಲದ ಕೆಂಪು ಕಲೆಗಳು. ಅಂಥ ಒಂದು ಕಲೆಯ ಅಂಚಿಗೆ ಬಿದ್ದ ಚೆಂಡು ಏಳಲೇ ಇಲ್ಲ, ಹಾವಿನಂತೆ ಹರಿದು ಹೋಯಿತು. ಮೂರನೇ ದಿನದ ಪಿಚ್ ಎಂದು ಮಾವನಿಗೆ ಖುಷಿಯೋ ಖುಷಿ.

ಅತ್ತೆ ಹೊರಬಂದರು. ಬೈಯಲಿಲ್ಲ. ಬಕೆಟ್ ತಂದು ಇಬ್ಬರ ನಡುವೆ ಇಟ್ಟು ಒಳಗೆ ಹೋದರು. ಕತ್ತಲಾಗುವವರೆಗೆ ನಾವಿಬ್ಬರೂ ಕುಕ್ಕರಗಾಲಿನಲ್ಲಿ ಕೂತು ಸಾರಿಸಿದೆವು.

ಮರುವಾರ ಭಾನುವಾರ ವಾಂಖೆಡೆಯಲ್ಲಿ 147 ಬೇಕಿದ್ದಾಗ ನಮ್ಮವರು 121ಕ್ಕೆ ಔಟ್. ಸ್ಯಾಂಟ್ನರ್ ಆಡಿರಲೂ ಇಲ್ಲ. ಮುಂಬಯಿಯಲ್ಲೇ ಹುಟ್ಟಿದ, ನ್ಯೂಜಿಲೆಂಡಿನ ಇನ್ನೊಬ್ಬ ಎಡಗೈ ಸ್ಪಿನ್ನರ್ ಎಜಾಝ್ ಪಟೇಲ್ ಆರು ವಿಕೆಟ್ ತೆಗೆದಿದ್ದ. ಮಾವನಿಗೆ ಫೋನ್ ಮಾಡಿದೆ. ಎತ್ತಿದ್ದು ಅತ್ತೆ.

"ಅವರು ಭತ್ತ ಹರಡ್ತಾ ಇದ್ದಾರೆ. ಚೆಂಡು ನನ್ನ ಹತ್ರ ಉಂಟು."