ಕೈಗಾದಂಥ ಕಡೆ ಡೀಜಿ ಎಂತಕ್ಕೆ?

ಕೈಗಾದ ಅಣುಸ್ಥಾವರದಲ್ಲೇ ಕರೆಂಟು ತಯಾರಾಗುದಲ್ವಾ, ಮತ್ತೆ ಅವರಿಗೆ ಡೀಜಿ, ಅಂದ್ರೆ ಡೀಸೆಲ್ ಜನರೇಟರ್ ಎಂತಕ್ಕೆ ಅಂತ ಇಲ್ಲಿ ಮಂಗಳೂರಲ್ಲಿ ನನ್ನ ಜೊತೆ ಪ್ಯಾನೆಲ್ (ಕರೆಂಟು ಹಂಚುವ ಸ್ವಿಚ್ ಬೋರ್ಡು) ಕೆಲ್ಸ ಮಾಡುವ ಹುಡುಗರು ಕೇಳ್ತಾರೆ. ಒಳ್ಳೆ ಪ್ರಶ್ನೆ. ನಂದಿಕೂರಿನ ಸ್ಥಾವರದಲ್ಲಿ ಕಲ್ಲಿದ್ದಲು ಹಾಕುದು ನಿಲ್ಸಿದ್ರೆ ಬೆಂಕಿ ಆರ್ತದೆ. ರಿಯಾಕ್ಟರ್ ಹಾಗಲ್ಲ, ಬಂದ್ ಮಾಡಿದ ಮೇಲೂ ಒಳಗಿನ ವಿಕಿರಣ ವಸ್ತುಗಳು ಬಿಸಿ ಕೊಡ್ತಾನೇ ಇರ್ತವೆ, ಬಂದ್ ಆದ ಕ್ಷಣದಲ್ಲಿ ಮೊದಲಿನ ಶಾಖದ ಸುಮಾರು 6-7 ಪರ್ಸೆಂಟ್, ಒಂದು ಗಂಟೆ ಕಳೆದ್ರೆ ಒಂದೂವರೆ ಪರ್ಸೆಂಟ್ ಹತ್ರ. ಕೈಗಾದ ಒಂದು ಯೂನಿಟ್ಟು 220 ಮೆಗಾವ್ಯಾಟ್ ಕರೆಂಟು ಕೊಡ್ಲಿಕ್ಕೆ ಒಳಗೆ ಅದರ ಮೂರು ಪಟ್ಟಿಗಿಂತ ಜಾಸ್ತಿ ಶಾಖ ಹುಟ್ಬೇಕು, ಅಂದ್ರೆ ಬಂದ್ ಆದ ಕೂಡ್ಲೆ ಸುಮಾರು 45-50 ಮೆಗಾವ್ಯಾಟ್ ಬಿಸಿ ಹೊರಗೆ ಸಾಗಿಸ್ಬೇಕು, ಅದಕ್ಕೆ ಪಂಪು ಬೇಕು, ಪಂಪಿಗೆ ಕರೆಂಟು ಬೇಕು, ಬಂದ್ ಆದ್ಮೇಲೆ ಸ್ವಂತ ಕರೆಂಟು ಇಲ್ಲ, ಆ ಹೊತ್ತಿಗೆ ಹೊರಗಿನ ಗ್ರಿಡ್ ಕರೆಂಟೂ ಹೋಗಿದ್ರೆ ಡೀಜಿಯೇ ಮುಖ್ಯ ಆಸರೆ.

ನಮ್ಮ ದೇಶದ ಅಣುಸ್ಥಾವರಗಳಲ್ಲಿ ಕರೆಂಟನ್ನು ನಾಲ್ಕು ಕ್ಲಾಸ್ ಮಾಡಿ ಇಟ್ಟಿದ್ದಾರೆ. ಕ್ಲಾಸ್ 4 ಅಂದ್ರೆ ಗ್ರಿಡ್ಡಿಂದ, ಸ್ವಂತ ಟರ್ಬೈನಿಂದ ಬರುವ ಮಾಮೂಲಿ ಕರೆಂಟು. ಕ್ಲಾಸ್ 3 ಡೀಜಿಯದ್ದು, ಸ್ವಲ್ಪ ಹೊತ್ತು ಹೋಗಿ ಬಂದ್ರೂ ನಡಿತದೆ ಅನ್ನುವ ಲೋಡಿಗೆ, ಅಂದ್ರೆ ಪಂಪಿನಂಥ ಕರೆಂಟು ತಿನ್ನುವ ಮಶೀನುಗಳಿಗೆ. ಕ್ಲಾಸ್ 2 ಯುಪಿಎಸ್ ಥರದ್ದು, ಕ್ಲಾಸ್ 1 ಬ್ಯಾಟರಿಯ ಡಿಸಿ, ಇವೆರಡು ಒಂದು ಕ್ಷಣವೂ ಹೋಗ್ಬಾರ್ದು ಯಾಕಂದ್ರೆ ಮೀಟರು, ಕಂಟ್ರೋಲ್ ಎಲ್ಲ ಅದರ ಮೇಲೆ. ರಿಯಾಕ್ಟರನ್ನು ನಿಲ್ಸುವ ರಾಡುಗಳಿಗೆ ಮಾತ್ರ ಕರೆಂಟೇ ಬೇಡ, ಕರೆಂಟು ಹೋದ್ರೆ ಕ್ಲಚ್ ಬಿಟ್ಟು ತಮ್ಮ ಭಾರಕ್ಕೇ ಕೆಳಗೆ ಬೀಳ್ತವೆ. ನಿಲ್ಸುದು ಸುಲಭ, ತಣಿಸುದೇ ಕಷ್ಟ.

ನನ್ನನ್ನು ತುಂಬ ಕಾಡುವುದು ಜಪಾನಿನ ಫುಕುಶಿಮಾ ಅಣುಸ್ಥಾವರದ ಪ್ಯಾನೆಲ್‌ಗಳು. 2011ರ ಮಾರ್ಚ್ 11ಕ್ಕೆ ಅಲ್ಲಿ ಇದ್ದದ್ದು 13 ಡೀಜಿ, ಸುನಾಮಿ ಬಂದ ಮೇಲೆ ಕರೆಂಟು ಕೊಟ್ಟದ್ದು ಒಂದೇ ಒಂದು, 6ನೇ ಯೂನಿಟ್ಟಿನ ಗಾಳಿಯಲ್ಲಿ ತಣಿಯುವ ಡೀಜಿ, ಅದರಿಂದಲೇ 5 ಮತ್ತು 6 ಉಳಿದದ್ದು. 2ನೇ ಮತ್ತು 4ನೇ ಯೂನಿಟ್ಟಿಗೂ ಅಂಥದ್ದೇ ಒಂದೊಂದು ಬೇರೆ ಕಟ್ಟಡದಲ್ಲಿ ಇತ್ತು, ಆ ಎರಡೂ ಇಂಜಿನ್ ನೀರಲ್ಲಿ ಮುಳುಗಲೇ ಇಲ್ಲ! ಮುಳುಗಿದ್ದು ಅವುಗಳ ಕರೆಂಟನ್ನು ಹಂಚುವ ಪ್ಯಾನೆಲ್ಲು, ಅದು ಬೇಸ್‌ಮೆಂಟಲ್ಲಿ ಇತ್ತು. ಇಂಜಿನ್ ಸರಿ ಉಂಟು, ಡೀಸೆಲ್ ಉಂಟು, ಕರೆಂಟು ಕಳಿಸ್ಲಿಕ್ಕೆ ದಾರಿ ಇಲ್ಲ. ನನ್ನಂಥ ಪ್ಯಾನೆಲ್ಲಿನವನಿಗೆ ಇದು ಓದಿದ್ರೆ ನಿದ್ರೆ ಬರುದಿಲ್ಲ ಮಾರಾಯ್ರೆ.

ಜಪಾನಿಗಿಂತ ಮೊದಲೇ ಈ ಪಾಠ ನಮ್ಮ ದೇಶದಲ್ಲೇ ಆಗಿತ್ತು ಅಂತ ತುಂಬ ಜನಕ್ಕೆ ಗೊತ್ತಿಲ್ಲ. ಉತ್ತರಪ್ರದೇಶದ ನರೋರಾ ಅಣುಸ್ಥಾವರ, 1993ರ ಮಾರ್ಚ್ 31ರ ಬೆಳಗಿನ ಜಾವ. ಟರ್ಬೈನಿನ ಎರಡು ಬ್ಲೇಡ್ ತುಂಡಾಗಿ ಇಡೀ ಮಶೀನು ಅಲುಗಾಡಿ, ಜನರೇಟರ್ ತಣಿಸುವ ಹೈಡ್ರೋಜನ್ ಲೀಕಾಗಿ ಬೆಂಕಿ ಹತ್ತಿ, ಬೆಂಕಿ ಕೇಬಲ್ ಹಿಡ್ಕೊಂಡು ಓಡಿತು. ಮಾಮೂಲಿ ಕೇಬಲ್ಲೂ ಬ್ಯಾಕಪ್ ಕೇಬಲ್ಲೂ ಸರಿಯಾದ ತಡೆ ಇಲ್ಲದೆ ಹತ್ತಿರ ಹತ್ತಿರವೇ ಹೋಗಿದ್ದದ್ದು, ಹಾಗಾಗಿ ಡೀಜಿ ಇದ್ದೂ ಸುಮಾರು 17 ಗಂಟೆ ಆ ಯೂನಿಟ್ಟಿಗೆ ಕರೆಂಟಿಲ್ಲ. ಕಂಟ್ರೋಲ್ ರೂಮಿಗೆ ಹೊಗೆ ತುಂಬಿ ಆಪರೇಟರುಗಳು ಹೊರಗೆ ಬರ್ಬೇಕಾಯ್ತು, ಆಮೇಲೆ ಟಾರ್ಚ್ ಹಿಡ್ಕೊಂಡು ಮೇಲೆ ಹತ್ತಿ ಕೈಯಲ್ಲೇ ವಾಲ್ವ್ ತಿರುಗಿಸಿ, ರಿಯಾಕ್ಟರ್ ಮತ್ತೆ ಶುರುವಾಗದ ಹಾಗೆ ತಡೆಯುವ ಬೋರಾನ್ ದ್ರಾವಣ ಬಿಟ್ರು, ಬೆಂಕಿ ಆರಿಸುವ ಡೀಸೆಲ್ ಪಂಪಿನ ನೀರನ್ನು ಸ್ಟೀಮ್ ಜನರೇಟರಿಗೆ (ರಿಯಾಕ್ಟರಿನ ಬಿಸಿಯಿಂದ ಹಬೆ ಮಾಡುವ ಪಾತ್ರೆ) ಕೊಟ್ರು. ವಿಕಿರಣ ಹೊರಗೆ ಬರ್ಲಿಲ್ಲ. ಆ ರಾತ್ರಿ ಪಾಳಿಯವರಿಗೆ ನಾನು ಮನಸ್ಸಲ್ಲೇ ಕೈ ಮುಗಿದಿದ್ದೇನೆ.

ಸ್ವೀಡನ್ನಿನ ಫೋರ್ಸ್‌ಮಾರ್ಕ್ ಅಣುಸ್ಥಾವರದ ಕೇಸು ಇನ್ನೊಂದು ಥರ. 2006ರ ಜುಲೈಯಲ್ಲಿ ಗ್ರಿಡ್ಡಿಗೆ ಸೇರುವ 400 ಕೆವಿ ಸ್ವಿಚ್ ಯಾರ್ಡಲ್ಲಿ ಶಾರ್ಟ್ ಆಗಿ ವೋಲ್ಟೇಜ್ ಏರಿ ನಾಲ್ಕರಲ್ಲಿ ಎರಡು ಯುಪಿಎಸ್ ಹೋಯ್ತು, ಅವನ್ನು ನಂಬಿದ್ದ ಎರಡು ಡೀಜಿ ಸ್ಟಾರ್ಟ್ ಆದ್ರೂ ಲೋಡಿಗೆ ಸೇರ್ಲಿಲ್ಲ. 22 ನಿಮಿಷದ ಮೇಲೆ ಕೈಯಲ್ಲಿ ಸೇರಿಸಿದ್ರು.

ಈ ಮೂರನ್ನೂ ನೋಡಿ ನನಗೆ ಅನಿಸುದು ಇಷ್ಟು, ರೂಲ್ಸ್ ಪಾಲನೆ ಅಂದ್ರೆ ಡೀಜಿ ಎಷ್ಟುಂಟು ಅಂತ ಲೆಕ್ಕ ಹಾಕುದಲ್ಲ. ಒಂದೇ ನೀರು, ಒಂದೇ ಬೆಂಕಿ, ಒಂದೇ ವೋಲ್ಟೇಜ್ ಏರಿಕೆ ಎಲ್ಲವನ್ನೂ ಒಟ್ಟಿಗೆ ಕೆಡಿಸ್ತದಾ ಅಂತ ಹುಡುಕ್ಬೇಕು. ಮತ್ತೆ ಟೆಸ್ಟು. ನಾನು ಕೆಲಸಕ್ಕೆ ಹೋಗುವ ಒಂದು ಫ್ಲ್ಯಾಟಲ್ಲಿ ಡೀಜಿಯೂ ಪ್ಯಾನೆಲ್ಲೂ ಬೇಸ್‌ಮೆಂಟಲ್ಲೇ, ಮಳೆಗಾಲದಲ್ಲಿ ಅಲ್ಲಿಗೆ ನೀರು ಇಳಿತದೆ, ವಾರಕ್ಕೊಮ್ಮೆ ಲೋಡಿಲ್ಲದೆ ಐದು ನಿಮಿಷ ಓಡಿಸಿ ಬುಕ್ಕಲ್ಲಿ ಓಕೆ ಬರಿತಾರೆ. ಲೋಡಿಲ್ಲದೆ ಓಡಿಸ್ತಾ ಇದ್ರೆ ಸರಿಯಾಗಿ ಉರಿಯದ ಡೀಸೆಲ್ ಮಸಿಯಾಗಿ ಇಂಜಿನ್ನಲ್ಲೇ ಕೂತ್ಕೊಳ್ತದೆ, ನಿಜವಾಗಿ ಬೇಕಾದ ದಿನ ಕೈ ಕೊಡ್ತದೆ. ಅಣುಸ್ಥಾವರದಲ್ಲಿ ನಿಂತ ಇಂಜಿನ್ನು ಕೆಲವೇ ಸೆಕೆಂಡಲ್ಲಿ ಪೂರ್ತಿ ಸ್ಪೀಡಿಗೆ ಬಂತಾ, ಒಂದರ ಹಿಂದೆ ಒಂದು ಪಂಪನ್ನು ಎಳಿತಾ, ಲೋಡಲ್ಲಿ ಗಂಟೆಗಟ್ಲೆ ನಿಲ್ತದಾ ಅಂತ ನೋಡ್ಬೇಕು. ಡೀಜಿ ಕೆಟ್ರೆ ಇಂತಿಷ್ಟು ಸಮಯದೊಳಗೆ ಸರಿ ಮಾಡಿ, ಇಲ್ಲದಿದ್ರೆ ರಿಯಾಕ್ಟರನ್ನೇ ನಿಲ್ಸಿ ಅಂತ ಉಂಟು. ನಷ್ಟ ಕೋಟಿಯಲ್ಲಿ ಇರ್ಬಹುದು, ಆದ್ರೂ ನಿಲ್ಸ್ಲೇಬೇಕು. ಈ ನಿಯಮ ನನಗೆ ತುಂಬ ಇಷ್ಟ.

ಫುಕುಶಿಮಾದ ನಂತರ ನಮ್ಮ ಸ್ಥಾವರಗಳಿಗೆ ಹೊರಗಿಂದ ನೀರು ಕೊಡುವ ಪೈಪ್ ಜೋಡಣೆ, ಎಳ್ಕೊಂಡು ಹೋಗುವ ಡೀಜಿ ಎಲ್ಲ ಬಂತು. ಈಗ ಕೈಗಾದಲ್ಲಿ 700 ಮೆಗಾವ್ಯಾಟಿನ 5 ಮತ್ತು 6ನೇ ಯೂನಿಟ್ಟು ಕಟ್ತಿದ್ದಾರೆ, ಅದರ ಡಿಸೈನಲ್ಲಿ ಪಂಪೇ ಇಲ್ಲದೆ ಟ್ಯಾಂಕಿನ ನೀರಲ್ಲೇ ಬಿಸಿ ತೆಗೆಯುವ ವ್ಯವಸ್ಥೆ ಉಂಟು. ಟ್ಯಾಂಕಿನ ನೀರು ಮುಗಿಯುವ ಮೊದಲು ಯಾರಾದ್ರೂ ತುಂಬಿಸ್ಬೇಕು. ಫುಕುಶಿಮಾಕ್ಕೆ ಹೊರಟ ಜನರೇಟರ್ ಲಾರಿಗಳು ಒಡೆದ ರಸ್ತೆಯಲ್ಲಿ, ಟ್ರಾಫಿಕ್ಕಲ್ಲಿ ಸಿಕ್ಕಿ ತಡ ಆದವು. 2024ರ ಜುಲೈಯಲ್ಲಿ ಅಂಕೋಲಾದ ಶಿರೂರಲ್ಲಿ ಗುಡ್ಡ ಕುಸಿದು ನಮ್ಮ ಹೈವೇ 66 ಎಷ್ಟು ದಿನ ಬಂದಾಗಿತ್ತು ಅಂತ ಕರಾವಳಿಯವರಿಗೆಲ್ಲ ನೆನಪುಂಟು. ಹಾಗಾಗಿ ಕೈಗಾದ ಬಗ್ಗೆ ಜನರ ಸಭೆ ಆದಾಗ ನಾನು ಕೇಳ್ಬೇಕು ಅಂತ ಇರುವ ಪ್ರಶ್ನೆ ರಸ್ತೆಯದ್ದು: ಮಳೆಗಾಲದಲ್ಲಿ ಘಟ್ಟದ ದಾರಿ, ಕಾರವಾರದ ದಾರಿ ಎರಡೂ ಮುಚ್ಚಿದ್ರೆ ಒಳಗಿರುವ ಡೀಸೆಲ್ ಎಷ್ಟು ದಿನಕ್ಕೆ ಸಾಕು, ಆ ಲೆಕ್ಕ ಹಾಕಿದ್ದು ಪೂರ್ತಿ ಲೋಡಿಗಾ?