ಆಯ್ಕೆ ಗಿರಾಕಿಯದ್ದು, ಕಾಣದ್ದನ್ನು ಹೇಳುವುದು ನಮ್ಮದು

ಗಿರಾಕಿಗಳು ಎದುರಿಗೇ ನಿಂತು ಬೇಸ್, ಸಾಸ್, ಚೀಸ್, ಟಾಪಿಂಗ್ ಎಲ್ಲ ಆರಿಸಿ ತಮಗೆ ಬೇಕಾದಂತೆ ಪಿಜ್ಜಾ ಮಾಡಿಸಿಕೊಳ್ಳುವ ರೆಸ್ಟೋರೆಂಟಿನಲ್ಲಿ ಕೌಂಟರ್ ನೋಡಿಕೊಳ್ಳುವುದು ನನ್ನ ಕೆಲಸ. ಪಕ್ಕದಲ್ಲೇ ಸಣ್ಣ ಪ್ರಮಾಣದಲ್ಲಿ ತಯಾರಾಗುವ ಕ್ರಾಫ್ಟ್ ಬಿಯರಿನ ಟ್ಯಾಪ್‌ಗಳು. ಹೊಸದಾಗಿ ಸೇರುವ ಹುಡುಗ ಹುಡುಗಿಯರು “ಅವರು ಕೇಳಿದ್ದನ್ನು ಹಾಕಿಕೊಟ್ಟರಾಯಿತಲ್ಲ” ಎಂದುಕೊಂಡೇ ಬರುತ್ತಾರೆ. ಅಷ್ಟೇ ಆಗಿದ್ದರೆ ಅಲ್ಲಿ ಮನುಷ್ಯರು ನಿಲ್ಲುವ ಅಗತ್ಯವೇ ಇರಲಿಲ್ಲ. ಗಿರಾಕಿಯ ಕಣ್ಣಿಗೆ ಬಣ್ಣ ಕಾಣುತ್ತದೆ, ರುಚಿ ನೆನಪಾಗುತ್ತದೆ. ಅವರಿಗೆ ಕಾಣದೇ ಇರುವುದು ನೀರು.

ಅಣಬೆಯಲ್ಲಿ ಸುಮಾರು ಶೇ. 90ರಷ್ಟು ನೀರು, ಟೊಮೆಟೊದಲ್ಲಿ ಇನ್ನೂ ಹೆಚ್ಚು. ತಾಜಾ ಮೊಝರೆಲ್ಲಾದ ತೂಕದಲ್ಲೂ ಅರ್ಧಕ್ಕಿಂತ ಜಾಸ್ತಿ ನೀರೇ. ನಮ್ಮಂಥ ಕಡೆ ಅವನ್ 400 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಉರಿಯುತ್ತಿರುತ್ತದೆ, ಪಿಜ್ಜಾ ಮೂರು ನಿಮಿಷದೊಳಗೆ ಹೊರಬರಬೇಕು. ಅಷ್ಟು ಹೊತ್ತಿನಲ್ಲಿ ಅಷ್ಟೊಂದು ನೀರು ಆರುವುದಿಲ್ಲ. ನೀರು ಇರುವ ತನಕ ಆ ಜಾಗದ ಬಿಸಿ 100 ಡಿಗ್ರಿ ದಾಟುವುದಿಲ್ಲ. ಹಿಟ್ಟು ಕೆಂಪಗೆ ಬೇಯಬೇಕಾದರೆ ಸುಮಾರು 140 ಡಿಗ್ರಿಯಾದರೂ ಬೇಕು. ಅಂಚು ಕಪ್ಪಾಗುತ್ತಾ ಬಂದರೂ ಮಧ್ಯಭಾಗ ಹಸಿಹಸಿಯಾಗಿ ಉಳಿಯುವುದು ಇದರಿಂದಲೇ. ತುಂಡು ಎತ್ತಿದ ಕೂಡಲೇ ಮೇಲಿನದ್ದೆಲ್ಲ ಜಾರಿ ತಟ್ಟೆಗೆ ಬೀಳುತ್ತದೆ. ಆಗ ಗಿರಾಕಿ “ನಾನೇ ಜಾಸ್ತಿ ಹಾಕಿಸಿಕೊಂಡೆ” ಅನ್ನುವುದಿಲ್ಲ, “ಇಲ್ಲಿ ಪಿಜ್ಜಾ ಚೆನ್ನಾಗಿಲ್ಲ” ಅನ್ನುತ್ತಾರೆ. ಅವರ ಮಾತು ನ್ಯಾಯವೇ. ಗೊತ್ತಿದ್ದವರು ನಾವು, ಹೇಳಬೇಕಾದವರೂ ನಾವು.

ಹೇಳುವ ರೀತಿ ಮಾತ್ರ ಮುಖ್ಯ. ಇಷ್ಟಪಟ್ಟು ಬಂದವರಿಗೆ “ಅಷ್ಟೊಂದು ಆಗಲ್ಲ” ಅಂದರೆ ಮುಖ ಬಾಡುತ್ತದೆ. ನಾನು ಹೀಗೆ ಹೇಳುತ್ತೇನೆ: “ಸರ್, ಅಣಬೆ, ಟೊಮೆಟೊ, ಅನಾನಸ್ ಮೂರೂ ನೀರು ಬಿಡುತ್ತವೆ. ಮೂರನ್ನೂ ತೆಳುವಾಗಿ ಹಾಕಲಾ, ಇಲ್ಲ ಅರ್ಧಕ್ಕೆ ಒಂದು, ಇನ್ನರ್ಧಕ್ಕೆ ಇನ್ನೊಂದು ಮಾಡಲಾ?” ಹೆಚ್ಚಿನವರು ಅರ್ಧರ್ಧಕ್ಕೆ ಖುಷಿಯಿಂದ ಒಪ್ಪುತ್ತಾರೆ, ಒಂದೇ ಪಿಜ್ಜಾದಲ್ಲಿ ಎರಡು ರುಚಿ ಸಿಕ್ಕಿತಲ್ಲ! ಒಪ್ಪದೆ ಎಲ್ಲವೂ ತುಂಬ ಬೇಕೆಂದರೆ ಹಾಕಿಯೇ ಕೊಡುತ್ತೇನೆ, ಮಧ್ಯಕ್ಕೆ ಕಡಿಮೆ, ಅಂಚಿನ ಕಡೆಗೆ ಹೆಚ್ಚು. ಟಾಪಿಂಗನ್ನು ಒಂದೇ ಕಡೆ ಸುರಿಯದೆ ಸ್ವಲ್ಪ ಎತ್ತರದಿಂದ ಉದುರಿಸಿದರೆ ತಾನಾಗಿಯೇ ಹರಡಿಕೊಳ್ಳುತ್ತದೆ. ಪಾಲಕ್, ಬೆಳ್ಳುಳ್ಳಿ ಚೀಸಿನ ಕೆಳಗೆ, ಮೇಲಿದ್ದರೆ ಸೀಯುತ್ತವೆ. ಬೇಸಿಲ್ ಎಲೆ ಅವನ್‌ನಿಂದ ತೆಗೆದ ಮೇಲೆ.

ಇನ್ನೊಂದು ಸಣ್ಣ ಅಭ್ಯಾಸ, ಆದರೆ ನನಗೆ ತುಂಬಾ ಮುಖ್ಯವಾದದ್ದು: ಯಾವ ಸಾಸ್ ಬೇಕು ಎಂದು ಮೊದಲೇ ಕೇಳಿಕೊಳ್ಳುತ್ತೇನೆ, ಹಚ್ಚುವುದಿಲ್ಲ. ಮನೆಮಂದಿಯೆಲ್ಲ ಬಂದಾಗ ಟಾಪಿಂಗ್ ವಿಷಯಕ್ಕೆ ಅಲ್ಲೇ ಚರ್ಚೆ ಶುರುವಾಗುತ್ತದೆ. ಮಕ್ಕಳಿಗೆ ಕಾರ್ನ್ ಬೇಕು, ಅಪ್ಪನಿಗೆ ಆಲಿವ್ ಬೇಕು, ಅಮ್ಮ ಇನ್ನೂ ಗಾಜಿನಾಚೆಗೆ ಬಗ್ಗಿ ನೋಡುತ್ತಿರುತ್ತಾರೆ. ಅವರು ತೀರ್ಮಾನಕ್ಕೆ ಬರುವಷ್ಟರಲ್ಲಿ ಹಚ್ಚಿಟ್ಟ ಸಾಸ್ ಹಿಟ್ಟಿನೊಳಗೆ ಇಳಿದು ಬೇಸ್ ಟ್ರೇಗೆ ಅಂಟಿರುತ್ತದೆ. ಎಲ್ಲ ಇತ್ಯರ್ಥವಾದ ಮೇಲೆ ಸೌಟು ಎತ್ತಿದರೆ ಸಾಕು, ಅವರನ್ನು ಅವಸರಪಡಿಸುವ ಪ್ರಸಂಗವೇ ಬರುವುದಿಲ್ಲ.

ಬಿಯರ್ ಏನು ತೆಗೆದುಕೊಳ್ಳುತ್ತಾರೆ ಎಂಬುದನ್ನೂ ಪಿಜ್ಜಾ ಕೌಂಟರಿನಲ್ಲೇ ಕೇಳಬೇಕು ಎನ್ನುವುದು ನನ್ನ ಹಟ. ಅದೂ ಹಾಲಪೀನ್ಯೋ ಮೆಣಸಿನಕಾಯಿ ಹಾಕುವ ಮೊದಲೇ. ಹಾಪ್ಸ್ ಎಂಬ ಕಹಿ ಹೂವು ಜೋರಾಗಿರುವ ಐಪಿಎ ಬಿಯರಿನ ಕಹಿ, ಅದರ ಆಲ್ಕೋಹಾಲ್ ಎರಡೂ ಮೆಣಸಿನ ಉರಿಯನ್ನು ಏರಿಸುತ್ತವೆ. ಖಾರ ಇಷ್ಟಪಡುವವರಿಗೆ ಅದೇ ಹಬ್ಬ, ಆದರೆ ತಿಳಿದು ಆರಿಸಿಕೊಳ್ಳಲಿ. ಉರಿ ಬೇಡದವರಿಗೆ ಗೋಧಿ ಬಿಯರ್ ಅಥವಾ ಮಾಲ್ಟಿನ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಧಾನ್ಯದ, ಸಿಹಿಯಿರುವ ಆಂಬರ್ ಬಿಯರ್ ಹೇಳುತ್ತೇನೆ. ಚೀಸ್ ಜಾಸ್ತಿ ಇರುವ ಪಿಜ್ಜಾಕ್ಕೆ ಪಿಲ್ಸ್ನರ್ ಎಂಬ ತಿಳಿ ಬಿಯರ್ ಒಳ್ಳೆಯ ಜೊತೆ. ಅದರ ಗುಳ್ಳೆಗಳು ನಾಲಿಗೆಯ ಮೇಲಿನ ಜಿಡ್ಡನ್ನು ತೊಳೆದು ಮುಂದಿನ ತುತ್ತಿಗೆ ಬಾಯಿ ಹಸನು ಮಾಡುತ್ತವೆ. ಅನುಮಾನವಿದ್ದರೆ ಚಿಕ್ಕ ಗ್ಲಾಸಿನಲ್ಲಿ ರುಚಿ ತೋರಿಸಿ ಎಂದು ಟ್ಯಾಪ್ ಕಡೆಯವರಿಗೆ ಹೇಳುತ್ತೇನೆ.

ಚೀಸ್ ಮುಟ್ಟಿದ ಕೈ ಬಿಯರ್ ಗ್ಲಾಸ್ ಮುಟ್ಟಲೇಬಾರದು. ಇದನ್ನು ನಾನು ಗದರಿಯಾದರೂ ಕಲಿಸುತ್ತೇನೆ. ಒಳಗೆ ಒಂಚೂರು ಜಿಡ್ಡಿದ್ದರೂ ನೊರೆ ನಿಲ್ಲದೆ ಕುಸಿಯುತ್ತದೆ, ಗ್ಲಾಸಿನ ಒಳಗೋಡೆಗೆ ಗುಳ್ಳೆಗಳು ಅಲ್ಲಲ್ಲಿ ಅಂಟಿಕೊಂಡು ನಿಲ್ಲುತ್ತವೆ. ಬಿಯರ್ ಮಾಡಿದವರು ವಾರಗಟ್ಟಲೆ ಕಾದು ತಂದ ರುಚಿ ನಮ್ಮ ಬೆರಳಿನ ಎಣ್ಣೆಗೆ ಹಾಳಾಗಬೇಕೇ? ಟ್ಯಾಪ್‌ಗೆ ಬಿಯರ್ ಬರುವ ಪೈಪ್‌ಗಳನ್ನೂ ಎರಡು ವಾರಕ್ಕೊಮ್ಮೆ ತೊಳೆಸಲೇಬೇಕು, ರಶ್ ಇರಲಿ ಬಿಡಲಿ.

ಕೊನೆಗೆ ಅಲರ್ಜಿಯ ವಿಷಯ. ಇಲ್ಲಿ ನಯಕ್ಕಿಂತ ಸತ್ಯ ದೊಡ್ಡದು. ಗೋಧಿಯಂಥ ಧಾನ್ಯದಲ್ಲಿರುವ ಗ್ಲೂಟೆನ್ ಎಂಬ ಪ್ರೋಟೀನ್ ಇಲ್ಲದ ಬೇಸ್ ನಮ್ಮಲ್ಲಿ ಸಿಗುತ್ತದೆ. ಆದರೆ ಇಡೀ ದಿನ ಮೈದಾ ಹಾರಾಡುವ ಅಡುಗೆಮನೆ ಇದು, ಅವನ್ ಕೂಡ ಅದೇ. ಗ್ಲೂಟೆನ್ ತಿಂದರೆ ಕರುಳಿಗೆ ಹಾನಿಯಾಗುವ ಸೀಲಿಯಾಕ್ ಕಾಯಿಲೆ ಇದೆ ಎನ್ನುವವರಿಗೆ ಈ ಮಾತನ್ನು ಮುಖಕ್ಕೆ ಮುಖ ಕೊಟ್ಟು ಹೇಳುತ್ತೇನೆ. ಒಬ್ಬ ಗಿರಾಕಿ ಹೊರಟುಹೋದರೂ ಚಿಂತೆಯಿಲ್ಲ. ಕಾಯಿಲೆಯಿಲ್ಲ, ಗ್ಲೂಟೆನ್ ಸುಮ್ಮನೆ ಬಿಟ್ಟಿದ್ದೇವೆ ಎನ್ನುವವರಿಗೆ ಗ್ಲೌಸ್ ಬದಲಿಸಿ, ಬೇರೆ ಕಟರ್ ತೆಗೆದು ಮಾಡಿಕೊಡುತ್ತೇನೆ. ಬೇಸಿನ ಬಗ್ಗೆ ಅಷ್ಟೆಲ್ಲ ವಿಚಾರಿಸಿದವರು ಬಿಯರಿನಲ್ಲಿರುವುದು ಬಾರ್ಲಿ, ಅದರಲ್ಲೂ ಗ್ಲೂಟೆನ್ ಇದೆ ಎನ್ನುವುದನ್ನು ಮರೆತೇ ಇರುತ್ತಾರೆ. ಸೇಬಿನ ರಸ ಹುಳಿಸಿ ಮಾಡುವ ಸೈಡರ್ ಇದ್ದರೆ ಅದನ್ನು ತೋರಿಸಿ ಎಂದು ಅವರು ಟ್ಯಾಪ್ ಹತ್ತಿರ ಹೋಗುವ ಮುಂಚೆಯೇ ಆ ಕಡೆಗೆ ಕೂಗಿ ಹೇಳುತ್ತೇನೆ.